ಮಿಶ್ರಿ ಹಲ್ಲು

ನಮ್ಮೂರ ದವಾಖಾನೆಗೆ ನಾಲ್ಕು ವರ್ಷ ಡಾಕ್ಟರ್ ಇರಲಿಲ್ಲ. ಕಟ್ಟಡ ಇತ್ತು. ಬೋರ್ಡು ಇತ್ತು. ಜವಾನ ಇದ್ದ. ಆ ಜವಾನ ನಾನು, ಕಾಶಿರಾಮ. ಸಮಗಾರರವನು, ಏಳನೇ ಇಯತ್ತೆ ಪಾಸಾದವನು. ದಿನಾ ಬಾಗಿಲು ತೆರೆದು ಕಸ ಹೊಡೆದು ಖಾಲಿ ಮೇಜು ಒರೆಸುತ್ತಿದ್ದೆ. ಸಂಜೆ ಬೀಗ ಹಾಕುತ್ತಿದ್ದೆ. ನಡುವೆ ಯಾರಾದರೂ ಹೊಟ್ಟೆ ಹಿಡಿದುಕೊಂಡು ಬಂದರೆ ಡಾಕ್ಟರ್ ಇಲ್ಲ ಎಂದು ಹೇಳುತ್ತಿದ್ದೆ. ಅದೇ ನನ್ನ ನೌಕರಿ.

ಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ರಸ್ತೆಯಲ್ಲಿ ಫಾಟಾದ ಹತ್ತಿರ, ಅಂದರೆ ದಾರಿ ಕವಲೊಡೆಯುವಲ್ಲಿ, ಇಳಿದು ಮೂರು ಮೈಲಿ ನಡೆದರೆ ನಮ್ಮೂರು. ಡಾಕ್ಟರುಗಳು ಬರಲೇ ಇಲ್ಲ ಎಂದೇನಲ್ಲ. ಒಬ್ಬರು ಬೆಳಿಗ್ಗೆ ಆರ್ಡರ್ ಹಿಡಿದು ಬಂದು, ಹಾಜರಿ ಹಾಕಿ, ಇಲ್ಲಿ ಊಟಕ್ಕೆ ಏನು ಸಿಗುತ್ತದೆ ಎಂದು ಕೇಳಿ, ಸಂಜೆಯ ಬಸ್ಸಿಗೆ ಹೋದರು. ಇನ್ನೊಬ್ಬರು ಬಸ್ಸಿನಿಂದ ಇಳಿಯಲೇ ಇಲ್ಲ. ಅವರ ಟ್ರಂಕು ಹೊರಲು ನಾನು ತಲೆಗೆ ಸಿಂಬಿ ಸುತ್ತಿಕೊಂಡು ಫಾಟಾದಲ್ಲಿ ನಿಂತಿದ್ದೆ. ಕಿಟಕಿಯಿಂದ ನನ್ನನ್ನೂ ಮಣ್ಣಿನ ದಾರಿಯನ್ನೂ ನೋಡಿದರು. ಬಸ್ಸು ಮುಂದೆ ಹೋಯಿತು.

ಆ ನಾಲ್ಕು ವರ್ಷದಲ್ಲೇ ನನ್ನ ಹೆಂಡತಿ ಅಂಬುಬಾಯಿ ಸತ್ತಳು. ಕೂಸು ಅಡ್ಡ ಬಂದಿತ್ತು. ಎತ್ತಿನ ಬಂಡಿಯಲ್ಲಿ ಮಲಗಿಸಿಕೊಂಡು ಹುಮನಾಬಾದಿನ ದಾರಿ ಹಿಡಿದೆವು. ಅರ್ಧ ದಾರಿಯಲ್ಲಿ ಅವಳು ಕೂಗುವುದು ನಿಂತಿತು. ಸರ್ಕಾರಿ ದವಾಖಾನೆಯ ಕೀಲಿ ನನ್ನ ಉಡದಾರದಲ್ಲೇ ಇತ್ತು. ಅವತ್ತು ಅದನ್ನು ಬಾವಿಗೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಹೊಟ್ಟೆಪಾಡು.

ಹೀಗಾಗಿ ಎಂಬತ್ತೆರಡನೇ ಇಸವಿಯಲ್ಲಿ, ದೀಪಾವಳಿ ಮುಗಿದ ಮೇಲೆ, ಕಲಿಯುವ ಡಾಕ್ಟರುಗಳು ಬರುತ್ತಾರೆ ಎಂಬ ಕಾಗದ ಬಂದಾಗ ಎಲ್ಲರಿಗಿಂತ ಹೆಚ್ಚು ಕುಣಿದವನು ನಾನೇ. ದೂರದ ಒಂದು ಕಾಲೇಜು ತನ್ನ ಕೊನೆಯ ವರ್ಷದ ಹುಡುಗರನ್ನು ಹಳ್ಳಿಗಳಿಗೆ ಕಳಿಸುತ್ತದಂತೆ. ಮೂರು ಮೂರು ತಿಂಗಳ ಸರದಿ. ಮೈ ನೋಡುವವನು ಒಬ್ಬ, ಹಲ್ಲು ನೋಡುವವನು ಒಬ್ಬ. ಅವರಿಗೂ ಕಲಿತಂತಾಯಿತು, ಹಳ್ಳಿಗೂ ಡಾಕ್ಟರ್ ಸಿಕ್ಕಂತಾಯಿತು. ಪ್ರತಿ ಗುರುವಾರ ಅವರ ಗುರುಗಳು ಜೀಪಿನಲ್ಲಿ ಬಂದು ಪಕ್ಕದಲ್ಲಿ ನಿಂತು ಕಲಿಸುತ್ತಾರೆ ಎಂದೂ ಅದರಲ್ಲಿ ಬರೆದಿತ್ತು. ನಾನೇ ಅದನ್ನು ಕೇರಿಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ.

ಮೈ ನೋಡುವ ಹುಡುಗ ಒಳ್ಳೆಯವನು. ವಾಂತಿಭೇದಿ ಬಂದಾಗ ನಮ್ಮ ಕೇರಿಗೇ ಬಂದು ಮೂರು ಕೂಸುಗಳಿಗೆ ಸಲೈನು ಹಾಕಿ ಉಳಿಸಿದ. ಇದನ್ನು ಮುಚ್ಚಿಡುವುದಿಲ್ಲ. ಉಳಿಸಿದ್ದು ಉಳಿಸಿದ್ದೇ.

ನಾನು ಹೇಳಬೇಕಾದದ್ದು ಹಲ್ಲಿನವನ ಮಾತು. ಮೈಸೂರು ಕಡೆಯ ಹುಡುಗ. ತೆಳ್ಳಗೆ, ಬೆಳ್ಳಗೆ, ಮಾತಿಗೊಮ್ಮೆ ಬೆವರು ಒರೆಸಿಕೊಳ್ಳುವವನು. ಮೂರು ತಿಂಗಳಲ್ಲಿ ನೂರು ಹಲ್ಲು ಕೀಳದಿದ್ದರೆ ಅವನು ಪಾಸಾಗುವಂತಿಲ್ಲ. ಅವನ ಜೊತೆ ಕಾಲೇಜಿನಿಂದ ಒಂದು ಕಬ್ಬಿಣದ ಖುರ್ಚಿ ಬಂತು. ಕಾಲಲ್ಲಿ ತುಳಿದರೆ ಮೇಲೇರುತ್ತಿತ್ತು. ತಲೆ ಇಡಲು ತೊಗಲಿನ ದಿಂಬು. ದಾರಿಯಲ್ಲಿ ದಿಂಬು ಹರಿದಿತ್ತು. ನನ್ನ ಅಕ್ಕ ಸೋನುಬಾಯಿಯೇ ಅದನ್ನು ಮನೆಯಲ್ಲಿ ಹೊಲಿದು ಕೊಟ್ಟಳು.

ಪಂಚಾಯಿತಿ ಚೇರ್ಮನ್ ಮಹಾರುದ್ರಪ್ಪ ಸಾಹುಕಾರ ಮೊದಲ ದಿನವೇ ಬಂದು ಕಾಯ್ದೆ ಮಾಡಿದ. ಖುರ್ಚಿ ಊರಿನವರಿಗೆ. ಕೇರಿಯವರಿಗೆ ಹೊರಗೆ ಬೇವಿನ ಮರದ ಕೆಳಗಿನ ಕಲ್ಲು. ಹೊರಗೆ ಬೆಳಕು ಚೆನ್ನಾಗಿರುತ್ತದೆ ಎಂದು ಕಾರಣ ಹೇಳಿದ. ಎರಡನೆಯದಾಗಿ, ಊರಿನವರ ಬಾಯಿಗೆ ಹುಡುಗ ಕೈ ಹಾಕಬಾರದು.

"ಕಲಿಯೂ ಕೈ ನಮ್ಮ ಬಾಯಾಗ ಯಾಕ್ರಿ? ನಮಗ ಗುರುವಾರ ದೊಡ್ಡ ಸಾಹೇಬ್ರು ಬರ್ತಾರ. ನೀವು ಕೇರಿ ಮಂದಿ ಮ್ಯಾಲ ಕೈ ಪಳಗಿಸ್ಕೋರಿ" ಎಂದ. ಹುಡುಗ ತಲೆಯಾಡಿಸಿದ. ನಾನು ಅಲ್ಲೇ ಚಹಾದ ಬಸಿ ಹಿಡಿದು ನಿಂತಿದ್ದೆ.

ಖುರ್ಚಿಗೆ ದಿಂಬು ಇತ್ತು. ಕಲ್ಲಿಗೆ ನಾನಿದ್ದೆ. ಹಿಂದೆ ನಿಂತು ಕೂತವರ ತಲೆಯನ್ನು ಹೊಟ್ಟೆಗೆ ಒತ್ತಿಕೊಳ್ಳಬೇಕು. ಒಂದು ಕೈ ಹಣೆಗೆ, ಒಂದು ಕೈ ಗದ್ದಕ್ಕೆ. ಹುಡುಗ ಇಕ್ಕಳ ಹಾಕಿ ಎಳೆಯುವಾಗ ತಲೆ ಅಲುಗಬಾರದು. ಜೋಮು ಹಿಡಿಸುವ ಔಷಧಿ ಕಮ್ಮಿ ಇದೆ ಎಂದು ಕೇರಿಯವರಿಗೆ ಅರ್ಧ ಸೂಜಿ. "ತೊಗಲು ಕಚ್ಚೂ ಬಾಯಿ ಅವು, ಏನೂ ಆಗಂಗಿಲ್ಲ" ಎಂದು ಸಾಹುಕಾರ ನಕ್ಕಿದ್ದ. ಒದ್ದಾಡುವ ಜನರನ್ನು ಹಿಡಿದು ಹಿಡಿದು ನನ್ನ ರಟ್ಟೆ ಬಾತುಕೊಂಡಿತು. ಅಂಗಿಯ ಹೊಟ್ಟೆಯ ಜಾಗ ಜೊಲ್ಲು, ಬೆವರು, ರಕ್ತ ಒಣಗಿ ಬಿರುಸಾಯಿತು. ಇದನ್ನು ನಾನು ಸೇವೆ ಎಂದುಕೊಂಡಿದ್ದೆ. ಕೇರಿಯ ಗಂಡಸರು ನನ್ನನ್ನು ತಲೆಹಿಡುಕ ಎಂದು ಬೈದರು. ಈಗ ಅನ್ನಿಸುತ್ತದೆ, ಅವರು ಕಮ್ಮಿಯೇ ಬೈದರು.

ಗುರುಗಳು ಗುರುವಾರ ಬರುತ್ತಿದ್ದರು, ಸುಳ್ಳಲ್ಲ. ಸಾಹುಕಾರನ ಕಡೆಯವರನ್ನು ಖುರ್ಚಿಯಲ್ಲಿ ಕೂರಿಸಿ, ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೀಗೆ ಹೀಗೆ ಎಂದು ತೋರಿಸುತ್ತಿದ್ದರು. ಆಮೇಲೆ ಸಾಹುಕಾರನ ಮನೆಯಲ್ಲಿ ಹೋಳಿಗೆ ಉಂಡು, ಹುಡುಗನ ಪುಸ್ತಕಕ್ಕೆ ರುಜು ಹಾಕಿ ಹೋಗುತ್ತಿದ್ದರು. ಕಲ್ಲಿನ ಹತ್ತಿರ ಒಂದು ದಿನವೂ ಬರಲಿಲ್ಲ. ಜೀಪಿನಿಂದ ಕಲ್ಲಿಗೆ ಇಪ್ಪತ್ತು ಹೆಜ್ಜೆ.

ಇನ್ನು ಅಕ್ಕನ ಮಾತು. ಸೋನುಬಾಯಿ ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು. ಗಂಡ ಸತ್ತ ಮೇಲೆ ಅವನ ಕಸುಬನ್ನು ತಾನೇ ಎತ್ತಿಕೊಂಡಳು. ಎತ್ತುಗಳಿಗೆ ಬೇಕಾಗುವ ತೊಗಲಿನ ಬಾರು, ಮಿಣಿ ಮಾಡುವುದು. ಹಸಿ ತೊಗಲಿನ ಪಟ್ಟಿಯ ಒಂದು ತುದಿಯನ್ನು ಕಾಲ ಹೆಬ್ಬೆರಳಿಗೆ ಸುತ್ತಿಕೊಳ್ಳುತ್ತಾಳೆ. ಇನ್ನೊಂದು ತುದಿಯನ್ನು ಮುಂದಿನ ಹಲ್ಲುಗಳಲ್ಲಿ ಕಚ್ಚಿ ಹಿಡಿದು ಹಿಂದಕ್ಕೆ ಬಾಗುತ್ತಾಳೆ. ಪಟ್ಟಿ ಬಿಗಿಯಾಗುತ್ತದೆ. ಆಗ ಎರಡೂ ಕೈಯಲ್ಲಿ ರಾಂಪಿ ಹಿಡಿದು ಸರಸರ ಕೆರೆಯುತ್ತಾಳೆ. ರಾಂಪಿ ಎಂದರೆ ತೊಗಲು ಕೆರೆಯುವ ಅಗಲ ಚಾಕು. ಹಲ್ಲೇ ಅವಳ ಮೂರನೇ ಕೈ. ಅವಳ ಬಾರು ಹರಿಯುವುದಿಲ್ಲ ಎಂದು ಮಂಠಾಳದಿಂದ, ಹುಲಸೂರಿನಿಂದ ರೈತರು ಹುಡುಕಿಕೊಂಡು ಬರುತ್ತಿದ್ದರು.

ನಮ್ಮ ಕಡೆ ಹೆಂಗಸರಿಗೆ ಮಿಶ್ರಿ ಬೇಕೇ ಬೇಕು. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿ ಹಲ್ಲಿಗೆ ತಿಕ್ಕುತ್ತಾರೆ. ಅದಾದ ಮೇಲೇ ಚಹಾ, ಅದಾದ ಮೇಲೇ ಕೆಲಸ. ಇಪ್ಪತ್ತು ವರ್ಷ ತಿಕ್ಕಿದರೆ ಹಲ್ಲು ಇದ್ದಿಲಿನ ಬಣ್ಣಕ್ಕೆ ಬರುತ್ತದೆ. ಬಣ್ಣ ಅಷ್ಟೇ. ಹಲ್ಲು ಗಟ್ಟಿ. ಮೈಸೂರು ಕಡೆಯ ಹುಡುಗನಿಗೆ ಇದು ಗೊತ್ತಿರಲಿಲ್ಲ. ನಮಗೆ ಗೊತ್ತಿತ್ತು. ಇಷ್ಟು ಸಣ್ಣ ಮಾತನ್ನು ಡಾಕ್ಟರಿಗೆ ಹೇಳಬೇಕು ಎಂದು ಮೊದಲು ನಮಗೆ ಹೊಳೆಯಲಿಲ್ಲ. ಓದಿದವರಿಗೆ ಎಲ್ಲ ಗೊತ್ತಿರುತ್ತದೆ ಎಂದುಕೊಂಡೆವು. ನಮ್ಮ ತಪ್ಪು ಅಂತ ಇದ್ದರೆ ಅದೊಂದೇ.

ಅಕ್ಕನಿಗೆ ಹಿಂದಿನ ಒಂದು ದವಡೆ ಹಲ್ಲು ನೋಯುತ್ತಿತ್ತು. ಕೆಳಗೆ, ಎಡಕ್ಕೆ. ಅವಳಿಗೆ ಬರಲು ಮನಸ್ಸಿರಲಿಲ್ಲ.

"ಒಂದ್ಸಲ ಬಂದು ತೋರಿಸು ಅಕ್ಕಾ. ಸೂಜಿ ಕೊಟ್ಟು ಕೀಳ್ತಾರ" ಎಂದೆ.

"ನೀ ಇರ್ತಿ ಏನೋ ಅಲ್ಲಿ?"

"ನಾನೇ ಇರ್ತೀನಿ. ನಿನ್ನ ತಲಿ ನಾನೇ ಹಿಡೀತೀನಿ."

"ನೀ ಇದ್ರ ಬರ್ತೀನಿ ತೊಗೊ" ಎಂದಳು.

ಬಂದಳು. ಕಲ್ಲಿನ ಮೇಲೆ ಕೂತಳು. ತಲೆಯನ್ನು ನನ್ನ ಹೊಟ್ಟೆಗೆ ಒತ್ತಿಕೊಂಡೆ. ಹುಡುಗ ಬಾಯಿ ತೆರೆಸಿದ.

"ಅಯ್ಯೋ, ಇದೇನ್ರೀ ಇದು! ಮುಂದಿಂದೆಲ್ಲ ಕೊಳೆತು ಕಪ್ಪಾಗಿ ಹೋಗಿದೆ. ಎಲ್ಲಾ ತೆಗೀಬೇಕು" ಎಂದ.

ಅಕ್ಕ ಬೆರಳಿನಿಂದ ಹಿಂದಿನ ದವಡೆ ತೋರಿಸಿದಳು. ಬಾಯಲ್ಲಿ ಕನ್ನಡಿ ಇತ್ತು, ಮಾತು ಬರಲಿಲ್ಲ.

ನಾನು ಹೇಳಿದೆ. "ಸಾಹೇಬ್ರ, ಅದು ಮಿಶ್ರಿರಿ. ನೋಯಾದು ಹಿಂದಿಂದು."

"ಡಾಕ್ಟರ್ ನೀನೋ ನಾನೋ? ಸರಿಯಾಗಿ ಹಿಡ್ಕೋ."

ಹಿಡಿದುಕೊಂಡೆ. ಅರ್ಧ ಸೂಜಿ ಹಾಕಿದ. ಮೇಲಿನವು ನಾಲ್ಕು, ಕೆಳಗಿನವು ನಾಲ್ಕು. ಗಟ್ಟಿ ಹಲ್ಲು ಸುಲಭಕ್ಕೆ ಬರುವುದಿಲ್ಲ. ಹುಡುಗ ಒಂದು ಕಾಲನ್ನು ಕಲ್ಲಿಗೆ ಒತ್ತಿ ಎಳೆದ. ಅಕ್ಕ ನನ್ನ ಮುಂಗೈಯನ್ನು ಉಗುರಿನಿಂದ ಹರಿದಳು. ಕಾಲಿನಿಂದ ನೆಲ ಒದ್ದಳು. ನಾಲ್ಕನೆಯದಕ್ಕೆ ಉಚ್ಚೆ ಹೊಯ್ದುಕೊಂಡಳು. ಊರ ಗಂಡಸರು ಕಟ್ಟೆಯ ಮೇಲೆ ಬೀಡಿ ಸೇದುತ್ತ ನೋಡುತ್ತಿದ್ದರು. ನಾನು ಕೈ ಸಡಿಲ ಬಿಡಲಿಲ್ಲ. ಬಿಡಬಹುದಿತ್ತು. ಹುಡುಗ ನನ್ನ ಅರ್ಧ ತೂಕ ಇರಲಿಲ್ಲ. ನೌಕರಿ ಹೋಗುತ್ತದೆ, ಡಾಕ್ಟರ್ ಹೋಗಿಬಿಡುತ್ತಾನೆ, ಇನ್ನೊಬ್ಬ ಬರುವುದಿಲ್ಲ ಎಂಬ ಹೆದರಿಕೆಯಲ್ಲಿ ನನ್ನನ್ನು ಸಾಕಿದವಳ ಗದ್ದವನ್ನು ಹಿಡಿದೇ ಇದ್ದೆ.

ನೋಯುವ ದವಡೆ ಹಾಗೇ ಉಳಿಯಿತು. ಅದು ಕಷ್ಟದ ಹಲ್ಲು, ಗುರುಗಳು ಬಂದಾಗ ನೋಡೋಣ ಎಂದ ಹುಡುಗ. ಬೆವರು ಒರೆಸಿಕೊಂಡ.

ಕಿತ್ತ ಹಲ್ಲುಗಳ ತಟ್ಟೆಯನ್ನು ತೊಳೆಯುವ ಕೆಲಸವೂ ನನ್ನದೇ. ಹಿತ್ತಲಿನಲ್ಲಿ ಕೂತು ಒಂದು ಹಲ್ಲನ್ನು ಕೈಗೆ ತೆಗೆದುಕೊಂಡೆ. ಬೂದಿ ಹಚ್ಚಿ ತೆಂಗಿನ ನಾರಿನಿಂದ ತಿಕ್ಕಿದೆ. ಕಪ್ಪು ಹೋಯಿತು. ಕೆಳಗೆ ಬಿಳಿ. ಎಲ್ಲೂ ಒಂದು ತೂತು ಇಲ್ಲ. ಉದ್ದ ಬೇರು. ಇನ್ನೊಂದು ತಿಕ್ಕಿದೆ. ಅದೂ ಹಾಗೇ. ಎಂಟೂ ಹಾಗೇ. ಅಕ್ಕನಿಗಿಂತ ಮೊದಲು ಹೀಗೇ ಮುಂದಿನ ಹಲ್ಲು ಕಳೆದುಕೊಂಡ ಕೇರಿಯ ಏಳು ಹೆಂಗಸರ ಮುಖ ನೆನಪಾಯಿತು.

ಎಂಟು ಹಲ್ಲನ್ನೂ ಅಂಗೈಯಲ್ಲಿ ಹಿಡಿದು ಒಳಗೆ ಹೋಗಿ ತೋರಿಸಿದೆ. ಹುಡುಗನ ಮುಖ ಬಿಳಚಿಕೊಂಡಿತು. ತುಂಬ ಹೊತ್ತು ನೋಡಿದ.

"ಯಾರಿಗೂ ಹೇಳ್ಬೇಡ ಕಣೋ. ನನ್ನ ಸರ್ಟಿಫಿಕೇಟ್ ಹೋಗುತ್ತೆ" ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಅವನೂ ಮನುಷ್ಯ, ತಪ್ಪಾಯಿತು ಎಂದುಕೊಳ್ಳುತ್ತಿದ್ದೆನೋ ಏನೋ. ಸ್ವಲ್ಪ ಹೊತ್ತು ಬಿಟ್ಟು ಕಪಾಟಿನ ಮೇಲಿನ ಗಾಜಿನ ಬಾಟಲಿ ತೋರಿಸಿದ. "ಅದಕ್ಕೆ ಹಾಕಿಡು. ಒಳ್ಳೆ ಹಲ್ಲು. ನಮ್ಮ ಜೂನಿಯರ್‌ಗಳಿಗೆ ಕೊರೆಯೋದು ಕಲಿಯೋಕೆ ಇಂಥವು ಸಿಗಲ್ಲ."

ಹಾಕಿದೆ. ಹೌದು, ನನ್ನ ಕೈಯಿಂದಲೇ ಹಾಕಿದೆ.

ಮನೆಗೆ ಹೋದರೆ ಅಕ್ಕ ಬಾಯಿಗೆ ಸೆರಗು ತುರುಕಿಕೊಂಡು ಗೋಡೆಗೆ ಒರಗಿದ್ದಳು. ಸುಳ್ಳು ಹೇಳಲು ಆಗಲಿಲ್ಲ. "ಚಲೋ ಹಲ್ಲು ಇದ್ವು ಅಕ್ಕಾ" ಎಂದೆ.

ಸೆರಗು ತೆಗೆದು ರಕ್ತ ಉಗುಳಿದಳು. "ನೀ ಹಿಡ್ಕೊಂಡಿದ್ದಿ" ಎಂದಳು. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು.

ಹತ್ತು ದಿನ ಬಿಟ್ಟು ತೊಗಲಿನ ಮುಂದೆ ಕೂತಳು. ಪಟ್ಟಿಯನ್ನು ಬಾಯಿಗಿಟ್ಟು ಒಸಡಿನಿಂದ ಕಚ್ಚಿದಳು. ಜಾರಿತು. ಮತ್ತೆ ಕಚ್ಚಿದಳು. ತೊಗಲಿನ ಮೇಲೆ ರಕ್ತ ಬಂತು. ದವಡೆಯಿಂದ ಹಿಡಿಯಲು ನೋಡಿದರೆ ಅಲ್ಲಿ ಅದೇ ನೋವಿನ ಹಲ್ಲು. ಪಟ್ಟಿಯನ್ನು ಕಂಬಕ್ಕೆ ಕಟ್ಟಿದಳು, ಬಿಗಿ ಹೆಚ್ಚಾಗಿ ಬಾರು ತುಂಡಾಯಿತು. ಹುಲಸೂರಿನ ರೈತ ಬಂದು ಎರಡು ಬಾರು ನೋಡಿ, ಕೆಳಗಿಟ್ಟು, ಕೊಳ್ಳದೆ ಹೋದ. ಅಕ್ಕ ರಾಂಪಿಯನ್ನು ಗೂಡಿನಲ್ಲಿ ಇಟ್ಟು ಸಾಹುಕಾರನ ಹೊಲಕ್ಕೆ ಕೂಲಿಗೆ ಹೋದಳು. ನಲವತ್ತಾರು ವರ್ಷದವಳು ಅರವತ್ತರವಳ ಹಾಗೆ ಕಂಡಳು.

ಮೂರು ತಿಂಗಳ ಕೊನೆಯ ಗುರುವಾರ ಬಂತು. ಮುಂದಿನ ವರ್ಷ ಆರು ಜನ ಹುಡುಗರನ್ನು ಕಳಿಸುವ ಮಾತಿತ್ತು. ಗುರುಗಳ ಮುಂದೆ ಹುಡುಗ ಹಲ್ಲು ಕಿತ್ತು ತೋರಿಸಬೇಕು, ಆಗ ಪಾಸು. ಕೇರಿಯಿಂದ ಯಾರನ್ನಾದರೂ ಕರೆದುಕೊಂಡು ಬಾ ಎಂದು ನನಗೆ ಹುಕುಂ ಆಗಿತ್ತು. ನಾನು ಹೋಗಿರಲಿಲ್ಲ. ಬರುತ್ತಾರೆ ಎಂದು ಸುಳ್ಳು ಹೇಳಿ ಬಾಗಿಲಲ್ಲಿ ನಿಂತಿದ್ದೆ.

ಮೊದಲು ಸಾಹುಕಾರನ ತಾಯಿ ತುಳಜಾಬಾಯಿ ಖುರ್ಚಿಯಲ್ಲಿ ಕೂತಳು. ಅವಳದೂ ಮಿಶ್ರಿ ಹಲ್ಲು. ಗುರುಗಳು ಬಾಯಿ ನೋಡಿ, ಉಗುರಿನಿಂದ ಒಂದು ಸಲ ಕೆರೆದು, ಹುಡುಗನ ಕಡೆ ತಿರುಗಿದರು.

"ನೋಡು, ಇದು ಬರೀ ಕಲೆ. ಹಲ್ಲು ಗಟ್ಟಿ ಇದೆ. ಇಂಥವನ್ನ ಮುಟ್ಟಬಾರದು."

ಉಗುರಿನಿಂದ ಒಂದು ಸಲ ಕೆರೆದರು, ಅಷ್ಟೇ. ಅಷ್ಟನ್ನು ಹೊರಗಿನ ಕಲ್ಲಿಗೆ ಬಂದು ಒಂದು ಗುರುವಾರ ಹೇಳಿದ್ದರೆ ಸಾಕಿತ್ತು. ಹುಡುಗ ನೆಲ ನೋಡಿದ.

ಮುದುಕಿ ಇಳಿದಳು. ಅಷ್ಟರಲ್ಲಿ ಸೋನುಬಾಯಿ ಒಳಗೆ ಬಂದಳು. ಯಾರೂ ಕರೆದಿರಲಿಲ್ಲ. ದವಡೆ ಬಾತು ಎಡಗಣ್ಣು ಮುಚ್ಚಿಹೋಗಿತ್ತು. ಕಲ್ಲಿನ ಹತ್ತಿರ ನಿಲ್ಲಲಿಲ್ಲ. ನೆಟ್ಟಗೆ ಬಂದು ಖುರ್ಚಿ ಹತ್ತಿ ಕೂತಳು. ದಿಂಬಿಗೆ ತಲೆ ಇಟ್ಟಳು.

"ಏ ಸೋನೀ! ಮ್ಯಾಲಕ ಏಳು!" ಸಾಹುಕಾರ ಕೂಗಿದ.

ಅವಳು ಅವನ ಕಡೆ ನೋಡಲಿಲ್ಲ. ಗುರುಗಳಿಗೆ ಹೇಳಿದಳು. ಹಲ್ಲಿಲ್ಲದ ಬಾಯಿಂದ ಮಾತು ತೊದಲಿತು. ಆದರೂ ಎಲ್ಲರಿಗೂ ತಿಳಿಯಿತು.

"ಈ ಹುಡುಗ ನನ್ನ ಎಂಟು ಚಲೋ ಹಲ್ಲು ಕಿತ್ತಾನ್ರಿ. ನೋಯೂ ಹಲ್ಲು ಹಂಗೇ ಅದಾ. ಈಗ ಇವನೇ ಕೀಳ್ಲಿ. ನಾ ಬ್ಯಾಡ ಅನ್ನಂಗಿಲ್ಲ. ಕಲೀಲಿ. ಆದ್ರ ನೀವು ಇವನ ಬಾಜೂ ನಿಂದರ್ಬೇಕು. ಈ ಮುದುಕಿಗಿ ನಿಂತ್ರಲ್ಲ, ಹಂಗ. ಸೂಜಿ ಪೂರಾ ಹಾಕ್ಬೇಕು. ನಾ ಇಲ್ಲೇ ಕುಂದರ್ತೀನಿ."

ಗುರುಗಳು ಅವಳ ಬಾಯಿ ನೋಡಿದರು. ಖಾಲಿ ಒಸಡು ನೋಡಿದರು. ಹುಡುಗನನ್ನು ನೋಡಿದರು. ಅವರಿಗೆ ಎಲ್ಲ ತಿಳಿಯಿತು. ತಿಳಿದದ್ದು ಮುಖದ ಮೇಲೆ ಕಂಡಿತು.

ಸಾಹುಕಾರ ಹತ್ತಿರ ಬಂದ. "ಸಾಹೇಬ್ರ, ಇಕಿಗಿ ಇಲ್ಲಿ ಕೈ ಹಚ್ಚಿದ್ರಿ ಅಂದ್ರ ಊರಾಗಿನ ಒಬ್ರೂ ಈ ಖುರ್ಚಿ ಮ್ಯಾಲ ಕುಂದರಂಗಿಲ್ಲ. ನಿಮ್ಮ ಹುಡುಗ್ರಿಗಿ ಇರಾಕ ಮನಿನೂ ಸಿಗಂಗಿಲ್ಲ."

ಗುರುಗಳು ಗಡಿಯಾರ ನೋಡಿಕೊಂಡರು. ಆಮೇಲೆ ನನಗೆ ಹೇಳಿದರು. "ಆಕೆಯನ್ನ ಎಬ್ಬಿಸಿ ಹೊರಗೆ ಕರ್ಕೊಂಡು ಹೋಗು. ಅಲ್ಲೇ ನೋಡೋಣ, ಬೆಳಕು ಚೆನ್ನಾಗಿದೆ."

ಎಲ್ಲರೂ ನನ್ನ ಕೈ ನೋಡಿದರು. ಅಕ್ಕ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು ಖುರ್ಚಿಯ ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದಿದ್ದಳು. ನಾನು ಬಂದು ತನ್ನನ್ನು ಎತ್ತುತ್ತೇನೆ ಎಂದೇ ಅವಳು ತಿಳಿದಿದ್ದಳು. ಹಾಗೆ ತಿಳಿಯಲು ಕಾರಣ ಇತ್ತು.

"ಇಲ್ರಿ" ಎಂದೆ.

"ಏನಂದಿ?"

"ಮುಟ್ಟಂಗಿಲ್ರಿ. ನನ್ನ ಕೈಲೆ ಇನ್ನ ಯಾರ ತಲೀನೂ ಹಿಡಸಬ್ಯಾಡ್ರಿ. ಆಕಿ ಕೇಳಿದ್ದು ಬರಾಬರಿ ಅದಾ."

ಕೈಯಿಂದ ಹೊಡೆದರೆ ಮೈಲಿಗೆ. ಆದ್ದರಿಂದ ಸಾಹುಕಾರ ಚಪ್ಪಲಿ ಎಸೆದ. ಕಿವಿಗೆ ಬಿತ್ತು. ನಾನು ಕದಲಲಿಲ್ಲ. ಹುಡುಗ ಇಕ್ಕಳ ಹಿಡಿದುಕೊಂಡು ಖುರ್ಚಿಯ ಕಡೆ ಒಂದು ಹೆಜ್ಜೆ ಇಟ್ಟ. ಗುರುಗಳು ಇಂಗ್ಲಿಷಿನಲ್ಲಿ ಏನೋ ಗದರಿದರು. ನಿಂತ. ಎಲ್ಲರೂ ಹೊರಗೆ ಹೋದರು. ಜೀಪು ಹೊರಟಿತು. ಅಕ್ಕ ಆ ಖುರ್ಚಿಯಲ್ಲೇ ಸಂಜೆಯವರೆಗೂ ಕೂತಿದ್ದಳು. ಯಾರೂ ಬರಲಿಲ್ಲ.

ಮರುದಿನ ಅವಳನ್ನು ಕಲ್ಯಾಣದ ಸಂತೆಗೆ ಕರೆದುಕೊಂಡು ಹೋದೆ. ಅಲ್ಲಿ ಗೋಣಿ ಹಾಸಿಕೊಂಡು ಹಲ್ಲು ಕೀಳುವ ಒಬ್ಬ ಮುದುಕ ಕೂರುತ್ತಿದ್ದ. "ಯಾವ ಹಲ್ಲು ನೋಯ್ತದವ್ವಾ?" ಎಂದು ಕೇಳಿದ. ಮೂರು ತಿಂಗಳಲ್ಲಿ ಆ ಮಾತನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಸೂಜಿ ಇಲ್ಲದೆ ಕಿತ್ತ. ಅವಳು ಕೂಗಲಿಲ್ಲ.

ವಾರದಲ್ಲಿ ನನ್ನ ನೌಕರಿ ಹೋಯಿತು. ಇಲ್ಲಿಯ ಜನ ಸಹಕಾರ ಕೊಡುವುದಿಲ್ಲ ಎಂದು ವರದಿ ಹೋಯಿತು. ಇಬ್ಬರು ಹುಡುಗರನ್ನೂ ವಾಪಸು ಕರೆಸಿಕೊಂಡರು, ಮುಂದಿನ ಸರದಿಯವರನ್ನು ಕಳಿಸಲಿಲ್ಲ. ಸಲೈನು ಹಾಕುತ್ತಿದ್ದವನೂ ಹೋದ. ಮುಂದಿನ ವರ್ಷದ ಆರು ಜನ ಬೇರೆ ಕಡೆ ಹೋದರು. ದವಾಖಾನೆಗೆ ಬೀಗ ಬಿತ್ತು, ಕೀಲಿ ಬೇರೊಬ್ಬನ ಉಡದಾರಕ್ಕೆ ಹೋಯಿತು. ಮಳೆಗಾಲದಲ್ಲಿ ವಾಂತಿಭೇದಿ ಮತ್ತೆ ಬಂತು. ನಮ್ಮ ಪಕ್ಕದ ಮನೆಯ ಮಾಣಿಕಪ್ಪನ ಎರಡು ವರ್ಷದ ಕೂಸು ಒಂದೇ ದಿನದಲ್ಲಿ ಸತ್ತಿತು.

ಮಣ್ಣು ಕೊಟ್ಟು ಬಂದವನು ಕೈಕಾಲು ತೊಳೆಯದೆ ನೇರ ನಮ್ಮ ಮನೆಗೆ ಬಂದ.

"ನಿನ್ನ ಸೊಕ್ಕಿಗಿ ನನ್ನ ಕೂಸು ಹೋತು ಸೋನಕ್ಕಾ. ಮಾಫಿ ಕೇಳು. ಕಾಗದ ಬರಸು. ಡಾಕ್ಟರ್ ವಾಪಸ್ ಬರ್ಬೇಕು. ನನ್ನ ಮನ್ಯಾಗ ಇನ್ನ ಎರಡು ಕೂಸು ಅವ."

ಅವನ ಮಾತು ಸುಳ್ಳು ಎನ್ನುವ ಧೈರ್ಯ ನನಗಿರಲಿಲ್ಲ. ಬಂಡಿಯಲ್ಲಿ ಹೆಂಡತಿಯನ್ನು ಕಳೆದುಕೊಂಡವನು ನಾನು. ಅಕ್ಕ ಎಷ್ಟೋ ತಿಂಗಳ ಮೇಲೆ ನನ್ನ ಕಡೆ ತಿರುಗಿ ಮಾತಾಡಿದಳು.

"ಬರಿ ಕಾಶ್ಯಾ. ನನ್ನ ಹೆಸರಿಲೆ ಬರಿ."

"ಏನಂತ ಬರೀಲಿ?"

"ಖುರ್ಚಿ ಮ್ಯಾಲ ಕುಂತೆ, ತಪ್ಪಾತು, ಮಾಫ್ ಮಾಡ್ರಿ ಅಂತ ಬರಿ."

ಬರೆದೆ. ಓದು ಎಂದ ಮಾಣಿಕಪ್ಪ. ಓದಿದೆ. 'ನಾನು ಸೋನುಬಾಯಿ, ಜಾತಿ ಸಮಗಾರ. ಸರ್ಕಾರಿ ದವಾಖಾನೆಯ ಖುರ್ಚಿಯ ಮೇಲೆ ಕೂತೆ. ತಪ್ಪಾಯಿತು. ಮುಂದೆ ಕಲ್ಲಿನ ಮೇಲೆಯೇ ಕೂರುತ್ತೇವೆ.'

ಕೊನೆಯ ಸಾಲನ್ನು ಅಕ್ಕ ಹೇಳಿರಲಿಲ್ಲ. ಅರ್ಜಿ ಒಪ್ಪಿಗೆಯಾಗಬೇಕಾದರೆ ಅದು ಬೇಕು ಎಂದು ನಾನೇ ಸೇರಿಸಿದ್ದೆ.

ಮಾಣಿಕಪ್ಪ ಇನ್ನೊಂದು ಸಲ ಓದಿಸಿದ. ಕೂಸಿನ ಮಣ್ಣು ಇನ್ನೂ ಅವನ ಕೈಯಲ್ಲಿತ್ತು. ಆ ಕೈಯಿಂದಲೇ ಕಾಗದ ಕಸಿದುಕೊಂಡು ಹರಿದ.

"ಕಲ್ಲಿನ ಮ್ಯಾಲ ನನ್ನ ಕೂಸುಗೋಳು ಕುಂದರಬೇಕೇನು? ಬ್ಯಾರೆ ಬರಿ" ಎಂದ. ಆಮೇಲೆ ಅಳಲು ಶುರು ಮಾಡಿದ.

ಬೇರೆ ಬರೆದೆವು. ಡಾಕ್ಟರನ್ನು ಕಳಿಸಿ. ಕಲಿಯುವವರನ್ನೂ ಕಳಿಸಿ. ಅವರು ಕಲಿಯುವಷ್ಟು ದಿನ ಕಲಿಸುವವರು ಪಕ್ಕದಲ್ಲೇ ಇರಲಿ. ಊರಿಗೂ ಕೇರಿಗೂ ಒಂದೇ ಖುರ್ಚಿ, ಒಂದೇ ಸೂಜಿ. ಇಷ್ಟೇ. ಮೂವರೂ ಹುಮನಾಬಾದಿಗೆ ಹೋಗಿ ಒಂದು ಕಚೇರಿಯಲ್ಲಿ ಮಧ್ಯಾಹ್ನದವರೆಗೆ ನೆಲದ ಮೇಲೆ ಕೂತೆವು. ಗುಮಾಸ್ತ ಅರ್ಜಿ ಓದಿ ನಕ್ಕ.

"ಡಾಕ್ಟರ್ ಹ್ಯಾಂಗ ಕಲೀಬೇಕು ಅಂತ ಸರ್ಕಾರಕ್ಕ ನೀವು ಹೇಳ್ತೀರೇನು? ಇದೆಲ್ಲಾ ನಿಮಗ್ಯಾರು ಕಲಿಸಿದ್ರು?"

ಅಕ್ಕ ಎದ್ದು ಅವನ ಮೇಜಿನ ಹತ್ತಿರ ಹೋದಳು. ಬಾಗಿ, ಅವನ ಮುಖದ ಮುಂದೆ ಬಾಯಿ ತೆರೆದಳು. ಗುಮಾಸ್ತ ಮುಖ ತಿರುಗಿಸಿದ. ಅವಳು ಬಾಯಿ ಮುಚ್ಚಲಿಲ್ಲ.